ಕುಡಿತ ಬಿಡಲು ಮೀಟಿಂಗ್ ಹುಡುಕುವುದು ಹೇಗೆ: ವಿಳಾಸಕ್ಕಿಂತ ಮೊದಲು ಒಂದು ಫೋನ್

ಆ ಸಂಜೆ ಗೇಟಿಗೆ ಬೀಗ ಹಾಕಿತ್ತು.

ಮೂರು ತಿಂಗಳು ಸತಾಯಿಸಿದ ಮೇಲೆ ಅಣ್ಣ "ಆಯ್ತು, ಒಂದ್ ಸಲ ಬರ್ತೀನಿ ನಡಿ" ಅಂದಿದ್ದ. ನಾನು ಇಂಟರ್‌ನೆಟ್‌ನಲ್ಲಿ ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಒಟ್ಟಿಗೆ ಕೂತು ಮಾತಾಡುವ ಮೀಟಿಂಗುಗಳ ಯಾವುದೋ ಒಂದು ಪಟ್ಟಿ ಹುಡುಕಿ, ಮನೆಗೆ ಹತ್ತಿರದ ವಿಳಾಸ ಬರೆದುಕೊಂಡಿದ್ದೆ. ಗುರುವಾರ, ಸಂಜೆ ಏಳು ಗಂಟೆ. ಬೈಕಿನಲ್ಲಿ ಅವನನ್ನು ಹಿಂದೆ ಕೂರಿಸಿಕೊಂಡು ಹೋದೆ. ಅದೊಂದು ಶಾಲೆ. ಗೇಟಿನ ಸರಪಳಿಗೆ ಬೀಗ, ಒಳಗೆ ಕತ್ತಲು. ಪಕ್ಕದ ಜೆರಾಕ್ಸ್ ಅಂಗಡಿಯವರನ್ನು ಕೇಳಿದರೆ, "ಅವರಾ? ಇಲ್ಲಿಂದ ಹೋಗಿ ಎಷ್ಟೋ ತಿಂಗಳಾಯ್ತಲ್ಲ" ಅಂದರು. ಅಣ್ಣ ಏನೂ ಮಾತಾಡಲಿಲ್ಲ. ಬೈಕಿನಿಂದ ಇಳಿದ. "ನೀನು ಮನೆಗೆ ಹೋಗಿರು, ಬರ್ತೀನಿ" ಅಂದ. ಎಲ್ಲಿಗೆ ಹೋದ ಅಂತ ಹೇಳಬೇಕಾಗಿಲ್ಲ.

ಅವನನ್ನು ಮತ್ತೆ ಒಪ್ಪಿಸಲು ಐದು ತಿಂಗಳು ಬೇಕಾಯಿತು. ಎರಡನೇ ಸಲ ನಾನು ವಿಳಾಸ ಹುಡುಕಲಿಲ್ಲ. ಒಬ್ಬ ಮನುಷ್ಯನನ್ನು ಹುಡುಕಿದೆ. ಫೋನಿನಲ್ಲಿ ಮಾತಾಡುವ, "ನಾನೇ ಗೇಟಿನ ಹತ್ರ ನಿಂತಿರ್ತೀನಿ, ಬನ್ನಿ" ಅನ್ನುವ ಒಬ್ಬರನ್ನು. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದ್ದು ಇದೇ. ಕುಡಿಯುವವರು ಒಪ್ಪಿಕೊಳ್ಳುವ ಆ ಒಂದು ಸಂಜೆ ತುಂಬಾ ಅಪರೂಪ. ಅದು ಬೀಗ ಹಾಕಿದ ಗೇಟಿನ ಮುಂದೆ ಹಾಳಾಗಬಾರದು.

ಅಣ್ಣನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬರೆದಿಲ್ಲ. ನಿಮಗಾಗಿ ಹುಡುಕುತ್ತಿದ್ದರೂ ಸರಿ, ಮನೆಯವರಿಗಾಗಿ ಹುಡುಕುತ್ತಿದ್ದರೂ ಸರಿ, ಈ ದಾರಿ ನಿಮಗೂ ಆಗುತ್ತದೆ.

ದಿನಾ ಕುಡಿಯುವವರಾದರೆ ಮೊದಲು ಡಾಕ್ಟರು

ಮೀಟಿಂಗ್ ಹುಡುಕುವ ಮೊದಲು ಇದನ್ನು ಓದಿ. ಬೆಳಿಗ್ಗೆ ಎದ್ದ ತಕ್ಷಣ ಕುಡಿಯದಿದ್ದರೆ ಕೈ ನಡುಗುತ್ತದಾ? ಬೆವರು, ವಾಂತಿ ಬರುತ್ತದಾ? ಒಂದು ದಿನ ಬಿಟ್ಟರೆ ನಿದ್ದೆ ಹಾರಿಹೋಗುತ್ತದಾ? ಹಾಗಿದ್ದರೆ "ನಾಳೆಯಿಂದ ಒಂದು ಹನಿ ಇಲ್ಲ" ಅಂತ ಮನೆಯಲ್ಲೇ ಏಕ್‌ದಂ ನಿಲ್ಲಿಸಬೇಡಿ. ಛಲ ಒಳ್ಳೆಯದೇ, ಆದರೆ ಇಲ್ಲಿ ಅದು ಜೀವಕ್ಕೆ ಕುತ್ತು ತರಬಹುದು.

ಬಹಳ ವರ್ಷ ದಿನಾ ಕುಡಿದ ದೇಹ ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ನಡುಕ ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಇನ್ನು ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಗೋಡೆ ಮೇಲೆ ಹುಳ ಹರಿದ ಹಾಗೆ ಅನ್ನಿಸುತ್ತದೆ, ತಾನೆಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ. ನಮ್ಮ ಕಡೆ ಇದನ್ನು ಗಾಳಿ ಸೋಕಿದೆ ಅಂತ ಮಂತ್ರ ಹಾಕಿಸಲು ಕರೆದುಕೊಂಡು ಹೋಗುವುದೂ ಉಂಟು. ದಯವಿಟ್ಟು ಬೇಡ. ಫಿಟ್ಸ್ ಬಂದರೆ, ಬಡಬಡಿಸಲು ಶುರುಮಾಡಿದರೆ 108ಕ್ಕೆ ಫೋನ್ ಮಾಡಿ ಸೀದಾ ಆಸ್ಪತ್ರೆಗೆ ಹೋಗಿ.

ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಕೆಲವು ದಿನ ಇಟ್ಟುಕೊಂಡು, ನಡುಕ ತಗ್ಗಿಸುವ ಮಾತ್ರೆ ಕೊಟ್ಟು, ಅದನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾರೆ. ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನದ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ, ಮೆಡಿಕಲ್ ಕಾಲೇಜುಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಬರುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ.

ಮೀಟಿಂಗ್ ಬೇಕಾಗುವುದು ಇದಾದ ಮೇಲೆ. ಆಸ್ಪತ್ರೆ ದೇಹದಿಂದ ಮದ್ಯ ತೆಗೆಯುತ್ತದೆ. ಮನೆಗೆ ಬಂದ ಮೇಲಿನ ಮೊದಲ ಶನಿವಾರದ ಸಂಜೆ ಏನು ಮಾಡಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಗೊತ್ತಿರುವುದು ಅಂಥ ಶನಿವಾರಗಳನ್ನು ದಾಟಿ ಬಂದವರಿಗೆ.

ಯಾವ ಥರದ ಮೀಟಿಂಗುಗಳಿವೆ

ಹೆಚ್ಚು ಕಡೆ ಸಿಗುವುದು ಆಲ್ಕೊಹಾಲಿಕ್ಸ್ ಅನಾನಿಮಸ್. ಎಲ್ಲರೂ ಎಎ ಅಂತಲೇ ಕರೆಯುತ್ತಾರೆ. ಇದು ಹುಟ್ಟಿದ ಕತೆ ನನಗೆ ತುಂಬಾ ಇಷ್ಟ, ಯಾಕೆಂದರೆ ಅದೂ ಒಂದು ಫೋನಿನಿಂದಲೇ ಶುರುವಾದದ್ದು. 1935ರ ಮೇ ತಿಂಗಳು. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ಯಾವುದೋ ಕೆಲಸದ ಮೇಲೆ ಅಮೆರಿಕದ ಆಕ್ರನ್ ಎಂಬ ಊರಿಗೆ ಹೋಗಿದ್ದರು. ಕೆಲಸ ಕೆಟ್ಟಿತು. ಹೋಟೆಲಿನಲ್ಲಿ ಒಬ್ಬರೇ. ಒಂದು ಕಡೆ ಬಾರು ಕರೆಯುತ್ತಿದೆ, ಇನ್ನೊಂದು ಕಡೆ ಫೋನ್ ಇದೆ. ಅವರು ಫೋನಿನ ಕಡೆ ಹೋದರು. ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಫೋನ್ ಮಾಡಿ, ತನ್ನಂಥದೇ ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕು ಅಂತ ಕೇಳಿದರು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್ ಅನ್ನುವ ಸರ್ಜನ್. ಬಾಬ್ ಕೊನೆಯ ಸಲ ಕುಡಿದ ದಿನವನ್ನೇ, 1935ರ ಜೂನ್ 10ನ್ನೇ, ಎಎ ಹುಟ್ಟಿದ ದಿನ ಅಂತ ಇವತ್ತಿಗೂ ಎಣಿಸುತ್ತಾರೆ. ನಮ್ಮ ದೇಶಕ್ಕೆ ಇದು ಬಂದದ್ದು 1957ರಲ್ಲಿ.

ಎಎಗೆ ಸೇರಲು ಫೀಸಿಲ್ಲ, ಫಾರ್ಮ್ ಇಲ್ಲ, ಆಧಾರ್ ಕೇಳುವುದಿಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು.

ನಮ್ಮ ಹಳ್ಳಿ ಕಡೆ ಇನ್ನೊಂದು ದಾರಿ ಇದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಕಲ್ಯಾಣ ಮಂಟಪದಲ್ಲೋ ದೇವಸ್ಥಾನದ ಸಭಾಭವನದಲ್ಲೋ ಸುಮಾರು ಒಂದು ವಾರ ಅಲ್ಲೇ ಉಳಿದುಕೊಳ್ಳಬೇಕು. ಶಿಬಿರ ಮುಗಿಸಿದವರನ್ನು ನವಜೀವನ ಸದಸ್ಯರು ಅನ್ನುತ್ತಾರೆ. ಅವರದೇ ನವಜೀವನ ಸಮಿತಿಗಳಿವೆ, ಆಮೇಲೂ ಸೇರುತ್ತಾರೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರಾದರೂ 'ಧರ್ಮಸ್ಥಳ ಸಂಘ'ದಲ್ಲಿದ್ದರೆ, ಅವರ ಸೇವಾಪ್ರತಿನಿಧಿಯನ್ನು ಕೇಳಿ. ಮುಂದಿನ ಶಿಬಿರ ಎಲ್ಲಿ, ಹತ್ತಿರದ ನವಜೀವನ ಸಮಿತಿ ಯಾವುದು ಅಂತ ಅವರಿಗೆ ಗೊತ್ತಿರುತ್ತದೆ, ಇಲ್ಲವೇ ಕೇಳಿ ಹೇಳುತ್ತಾರೆ. ಆದರೆ ಮೇಲೆ ಹೇಳಿದ ನಡುಕ, ಫಿಟ್ಸ್ ಇರುವವರು ಶಿಬಿರಕ್ಕೆ ಸೇರುವ ಮೊದಲು ಡಾಕ್ಟರಿಗೆ ತೋರಿಸಿ, ಶಿಬಿರದವರಿಗೂ ಮುಚ್ಚಿಡದೆ ಹೇಳಿ.

ಮೂರನೆಯದು ಆಸ್ಪತ್ರೆಗಳಲ್ಲಿ ನಡೆಯುವ ಗುಂಪು ಮಾತುಕತೆ. ಡಿಸ್ಚಾರ್ಜ್ ಆಗುವಾಗ "ಫಾಲೋ ಅಪ್‌ಗೆ ಗುಂಪು ಇದೆಯಾ?" ಅಂತ ನೀವೇ ಕೇಳಿ. ಕೇಳದಿದ್ದರೆ ಎಷ್ಟೋ ಸಲ ಯಾರೂ ಹೇಳುವುದಿಲ್ಲ.

ಇದರಲ್ಲಿ ಯಾವುದು ಮೇಲು ಅಂತ ಜಗಳಕ್ಕೆ ಕೂರಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ವಾರಕ್ಕೆ ಎರಡು ಸಲ ತಪ್ಪದೆ ಹೋಗಲು ಆಗುವಷ್ಟು ಹತ್ತಿರ ಇರುವುದೇ ಒಳ್ಳೆಯದು. ಎರಡು ಬಸ್ ಬದಲಿಸಿ ಹೋಗುವ ಮೀಟಿಂಗ್ ಮೊದಲ ಮಳೆಗೇ ನಿಂತುಹೋಗುತ್ತದೆ.

ನಂಬರು ಹುಡುಕುವುದು

ಎರಡು ನಂಬರು ಬರೆದಿಟ್ಟುಕೊಳ್ಳಿ. ನೋಡಲು ಒಂದೇ ಥರ ಇವೆ, ಅದಲು ಬದಲಾಗದಿರಲಿ.

14446. ಇದು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. ದುಡ್ಡಿಲ್ಲ. ನಿಮ್ಮ ಜಿಲ್ಲೆಯಲ್ಲಿ ಸರ್ಕಾರದ ನೆರವಿನಿಂದ ನಡೆಯುವ ವ್ಯಸನಮುಕ್ತಿ ಕೇಂದ್ರ ಎಲ್ಲಿದೆ ಅಂತ ಇಲ್ಲಿ ಕೇಳಬಹುದು.

14416. ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ಗಂಡ ಕುಡಿದು ಬಂದು ಗಲಾಟೆ ಮಾಡಿ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಅಳುವ ಹೆಂಗಸಿಗೂ ಈ ನಂಬರು ಆಗುತ್ತದೆ. ಗಲಾಟೆ ಹೊಡೆತದ ಮಟ್ಟಕ್ಕೆ ಹೋದರೆ ಮಾತ್ರ ತಡಮಾಡದೆ ತುರ್ತು ನಂಬರು 112ಕ್ಕೆ ಮಾಡಿ.

ಎಎ ಮೀಟಿಂಗ್ ಬೇಕೆಂದರೆ ಎಎಯ ಭಾರತದ ಜಾಲತಾಣ ನೋಡಿ. ಅವರ ಕೇಂದ್ರ ಸೇವಾ ಕಚೇರಿ ಮುಂಬೈಯಲ್ಲಿದೆ. ಜಾಲತಾಣದಲ್ಲಿ ಊರಿನ ಪ್ರಕಾರ ಹುಡುಕಿ. ಆದರೆ ಅಲ್ಲಿ ಕಾಣುವ ವಿಳಾಸಕ್ಕೆ ಸೀದಾ ಹೊರಡಬೇಡಿ. ಅದರ ಜೊತೆ ಸಂಪರ್ಕದ ನಂಬರು ಇದ್ದರೆ ಮೊದಲು ಅದಕ್ಕೆ ಮಾಡಿ. ಗುಂಪುಗಳಿಗೆ ಸ್ವಂತ ಜಾಗ ಇರುವುದಿಲ್ಲ. ಶಾಲೆ, ಚರ್ಚು, ಸಮುದಾಯ ಭವನ, ಆಸ್ಪತ್ರೆಯ ಒಂದು ಕೋಣೆ, ಹೀಗೆ ಯಾರೋ ಬಿಟ್ಟುಕೊಟ್ಟ ಜಾಗದಲ್ಲಿ ಸೇರುತ್ತಾರೆ. ಜಾಗ ಬದಲಾಗುತ್ತದೆ, ಪಟ್ಟಿ ಹಳೆಯದಾಗಿಯೇ ಉಳಿಯುತ್ತದೆ. ನನಗೆ ಆದದ್ದು ಇದೇ.

ನಂಬರು ಸಿಗುವ ಇನ್ನೊಂದು ಗಟ್ಟಿ ಜಾಗ ಅಂದರೆ ಆಸ್ಪತ್ರೆಯ ಮನೋವೈದ್ಯ ವಿಭಾಗ. ಡಾಕ್ಟರಿಗಿಂತ ಅಲ್ಲಿನ ಸಮಾಜ ಕಾರ್ಯಕರ್ತರನ್ನು ಕೇಳಿ. ಎಎಯವರು ಆಸ್ಪತ್ರೆಗಳಿಗೆ ಬಂದು ವಾರ್ಡಿನಲ್ಲಿರುವವರ ಜೊತೆ ಮಾತಾಡುವ ಪದ್ಧತಿ ಹಳೆಯದು. ಹಾಗಾಗಿ ಅವರಿಗೆ ಗುಂಪಿನವರ ಪರಿಚಯ ಇರುತ್ತದೆ. ನನಗೆ ಕೊನೆಗೆ ನಂಬರು ಸಿಕ್ಕಿದ್ದು ಅಂಥ ಒಬ್ಬರಿಂದ. ಚೀಟಿಯ ಹಿಂದೆ ಬರೆದುಕೊಟ್ಟು, "ಇವರು ಎತ್ತದಿದ್ರೆ ಸಂಜೆ ಮೇಲೆ ಮಾಡಿ, ಹಗಲು ಕೆಲಸದಲ್ಲಿರ್ತಾರೆ" ಅಂದರು. ಆ ಮಾತು ನಿಮಗೂ ಹೇಳಬೇಕು. ಈ ನಂಬರುಗಳ ಆ ಕಡೆ ಇರುವವರು ಸಂಬಳದ ನೌಕರರಲ್ಲ. ಒಂದು ಸಲ ಎತ್ತದಿದ್ದರೆ ಸುಮ್ನೆ ಬಿಡಬೇಡಿ.

ಫೋನಿನಲ್ಲಿ ಕೇಳಬೇಕಾದ್ದು

ನಾನು ಫೋನ್ ಮಾಡಿದಾಗ ಆ ಕಡೆಯವರು ಮೊದಲು ಕೇಳಿದ್ದು, "ಸರ್, ಮೀಟಿಂಗ್ ನಿಮಗಾ, ಮನೆಯವರಿಗಾ?" ಅಂತ. ಅಣ್ಣನಿಗೆ ಅಂದೆ. "ಅವರಿಗೇ ಫೋನ್ ಕೊಡೋಕಾಗುತ್ತಾ? ಬಯ್ಯಲ್ಲ, ಬುದ್ಧಿ ಹೇಳಲ್ಲ. ಸುಮ್ನೆ ನನ್ನ ಕತೆ ಹೇಳ್ತೀನಿ" ಅಂದರು. ಅಣ್ಣ ಫೋನ್ ಹಿಡಿದುಕೊಂಡು ಹಿತ್ತಲಿಗೆ ಹೋದ. ಬಚ್ಚಲ ಒಲೆಯ ಪಕ್ಕ ಕಲ್ಲಿನ ಮೇಲೆ ಕೂತ. ಇಪ್ಪತ್ತು ನಿಮಿಷ "ಹ್ಞೂ", "ಹ್ಞೂ" ಅಷ್ಟೇ ಕೇಳಿಸಿತು. ಆಮೇಲೆ ಒಮ್ಮೆ ನಕ್ಕ. ಅವನು ನಕ್ಕಿದ್ದು ಕೇಳಿ ಅತ್ತಿಗೆ ಒಳಗಿನಿಂದ ಎದ್ದು ಬಂದರು.

ಹಾಗಾಗಿ ಸಾಧ್ಯವಾದರೆ ಕುಡಿಯುವವರೇ ಮಾತಾಡಲಿ. ನೀವು ಕೇಳಿ ತಿಳಿದುಕೊಳ್ಳಬೇಕಾದ್ದು ಇಷ್ಟು:

ಈ ವಾರ ಮೀಟಿಂಗ್ ಖಂಡಿತ ಇದೆಯಾ? ಹಬ್ಬ, ಪರೀಕ್ಷೆ, ಚುನಾವಣೆ ಅಂತ ಜಾಗ ಸಿಗದೆ ಹೋಗುವುದುಂಟು.

ಕನ್ನಡದಲ್ಲಿ ನಡೆಯುತ್ತದಾ? ಬೆಂಗಳೂರಿನಲ್ಲಿ ಇಂಗ್ಲಿಷ್, ತಮಿಳು ಮಾತಾಡುವ ಗುಂಪುಗಳೂ ಸಿಗುತ್ತವೆ. ಒಳಗಿನ ಸಂಕಟ ಹೇಳಿಕೊಳ್ಳುವುದು ತನ್ನ ಭಾಷೆಯಲ್ಲೇ ಆಗಬೇಕು. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ.

ಓಪನ್ ಮೀಟಿಂಗಾ, ಕ್ಲೋಸ್ಡ್ ಮೀಟಿಂಗಾ? ಓಪನ್‌ಗೆ ಮನೆಯವರು, ಸ್ನೇಹಿತರು ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಅಂದರೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಜೊತೆಗೆ ಹೋಗಬೇಕೆಂದಿದ್ದರೆ ಇದನ್ನು ಮೊದಲೇ ಕೇಳಬೇಕು.

ಹೆಂಗಸರಾದರೆ: ಅಲ್ಲಿ ಬೇರೆ ಹೆಂಗಸರು ಬರುತ್ತಾರಾ, ಇಲ್ಲದಿದ್ದರೆ ಹೆಂಗಸರ ಗುಂಪು ಅಥವಾ ಮಾತಾಡಲು ಒಬ್ಬ ಮಹಿಳಾ ಸದಸ್ಯೆ ಸಿಗುತ್ತಾರಾ? ಕುಡಿಯುವ ಹೆಂಗಸರು ನಮ್ಮಲ್ಲಿ ಎರಡು ಪಟ್ಟು ನಾಚಿಕೆ ಹೊತ್ತಿರುತ್ತಾರೆ. ಬರೀ ಗಂಡಸರೇ ಇರುವ ಕೋಣೆಗೆ ಒಬ್ಬರೇ ಹೋಗಬೇಕಾಗಿಲ್ಲ. ಕೇಳುವ ಹಕ್ಕು ನಿಮಗಿದೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: "ಯಾರಾದರೂ ಗೇಟಿನ ಹತ್ತಿರ ಇರ್ತೀರಾ?" ಹೂಂ ಅನ್ನದ ಗುಂಪನ್ನು ನಾನು ಇನ್ನೂ ಕಂಡಿಲ್ಲ.

ಹೋಗುವ ದಿನ

ಆದಷ್ಟು ಕುಡಿಯದೆ ಹೋಗುವುದು ಒಳ್ಳೆಯದು. ಆದರೆ ಅಂದು ಕುಡಿದಿದ್ದರೂ ಹೋಗಿ. ವಾಸನೆ ಬಂತು ಅಂತ ಹೊರಗೆ ಕಳಿಸುವುದಿಲ್ಲ. ಗಲಾಟೆ ಮಾಡದೆ ಕೂತು ಕೇಳಬೇಕು ಅಷ್ಟೇ. ಹತ್ತು ನಿಮಿಷ ಮೊದಲೇ ತಲುಪಿ. ಹೊಟ್ಟೆಗೆ ಏನಾದರೂ ತಿಂದಿರಿ, ಹಸಿವಿಗೂ ಕುಡಿಯಬೇಕು ಅನ್ನಿಸುವುದಕ್ಕೂ ಹತ್ತಿರದ ನಂಟು. ದಾರಿಯಲ್ಲಿ ಮಾಮೂಲಿ ಬಾರು ಸಿಗುತ್ತದೆ ಅಂತಾದರೆ ಇನ್ನೊಂದು ರಸ್ತೆ ಹಿಡಿಯಿರಿ. ನಾವು ರೈಲ್ವೆ ಗೇಟು ಸುತ್ತಿ ಹೋದೆವು.

ದಾರಿಯಲ್ಲಿ ಉಪದೇಶ ಬೇಡ. "ಮಕ್ಕಳ ಮುಖ ನೋಡಿಯಾದ್ರೂ" ಅನ್ನುವ ಮಾತು ಅವರು ಸಾವಿರ ಸಲ ಕೇಳಿದ್ದಾರೆ.

ಒಳಗೆ ಏನು ನಡೆಯುತ್ತದೆ

ನಮ್ಮದು ಓಪನ್ ಮೀಟಿಂಗ್ ಆದ್ದರಿಂದ ನಾನೂ ಒಳಗೆ ಕೂತೆ. ಟ್ಯೂಬ್‌ಲೈಟು, ಪ್ಲಾಸ್ಟಿಕ್ ಕುರ್ಚಿಗಳು, ಮೇಜಿನ ಮೇಲೆ ನಾಲ್ಕಾರು ಪುಸ್ತಕ. ಹದಿನಾಲ್ಕು ಜನ ಇದ್ದರು. ಒಬ್ಬರು ಇಸ್ತ್ರಿ ಮಾಡಿದ ಷರ್ಟಿನಲ್ಲಿ ಆಫೀಸಿನಿಂದ ಸೀದಾ ಬಂದಿದ್ದರು. ಒಬ್ಬರು ಆಟೋದ ಖಾಕಿ ಹಾಕಿದ್ದರು. ಬಾಗಿಲ ಹತ್ತಿರ ಒಬ್ಬರು ಫ್ಲಾಸ್ಕಿನಿಂದ ಪೇಪರ್ ಲೋಟಕ್ಕೆ ಟೀ ಬಗ್ಗಿಸುತ್ತಿದ್ದರು. ಆಸ್ಪತ್ರೆಯಿಂದ ಬಂದು ಹತ್ತು ದಿನವಾಗಿದ್ದರೂ ಅಣ್ಣನ ಕೈ ನಡುಕ ಪೂರ್ತಿ ಹೋಗಿರಲಿಲ್ಲ. ಅವರು ಎಲ್ಲರ ಲೋಟ ತುಂಬಿಸಿದರು, ಅಣ್ಣನಿಗೆ ಮಾತ್ರ ಅರ್ಧ ಲೋಟ ಕೊಟ್ಟರು. "ಆಮೇಲೆ ಇನ್ನರ್ಧ ಹಾಕ್ತೀನಿ" ಅಂದರು. ಒಂದು ಹನಿಯೂ ಚೆಲ್ಲಲಿಲ್ಲ. ಆ ಅರ್ಧ ಲೋಟ ಕಂಡಾಗ ನನಗೆ ಗೊತ್ತಾಯಿತು, ನಾವು ಸರಿಯಾದ ಜಾಗಕ್ಕೆ ಬಂದಿದ್ದೇವೆ ಅಂತ. ಎಂಟು ವರ್ಷ ಒಂದೇ ಮನೆಯಲ್ಲಿದ್ದು, ಅವನ ಕೈ ನಡುಗುತ್ತದೆ ಅಂತ ಬೈದಿದ್ದೆನೇ ಹೊರತು ಲೋಟ ಅರ್ಧ ತುಂಬಿಸಬೇಕು ಅಂತ ನನಗೆ ಹೊಳೆದಿರಲಿಲ್ಲ.

ಗುಂಪಿನಿಂದ ಗುಂಪಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆ. ಒಬ್ಬರು ನಡೆಸಿಕೊಡುತ್ತಾರೆ. ಶುರುವಿನಲ್ಲಿ ಎಎ ಅಂದರೇನು ಅಂತ ಒಂದು ಹಾಳೆ ಓದುತ್ತಾರೆ, ಹನ್ನೆರಡು ಮೆಟ್ಟಿಲುಗಳನ್ನು, ಅಂದರೆ ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಹಂತಗಳನ್ನು, ಓದುವುದೂ ಉಂಟು. ಆಮೇಲೆ ಒಬ್ಬೊಬ್ಬರೇ ಮಾತಾಡುತ್ತಾರೆ. ಇದಕ್ಕೆ ಶೇರಿಂಗ್ ಅನ್ನುತ್ತಾರೆ. ಹೆಸರು ಹೇಳಿ, ನಾನೊಬ್ಬ ಆಲ್ಕೊಹಾಲಿಕ್ ಅಂತ ಹೇಳಿ ಶುರುಮಾಡುತ್ತಾರೆ. ಮೊದಲು ಹೇಗಿದ್ದೆ, ಏನಾಯಿತು, ಈಗ ಹೇಗಿದ್ದೇನೆ ಅಂತ ಹೇಳುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ. ಸಲಹೆ ಕೊಡುವುದಿಲ್ಲ. ನಿಮ್ಮ ಸರದಿ ಬಂದಾಗ "ಇವತ್ತು ಬರೀ ಕೇಳ್ತೀನಿ" ಅಂದರೆ ಸಾಕು, ಯಾರೂ ಒತ್ತಾಯ ಮಾಡುವುದಿಲ್ಲ. ಅಣ್ಣ ಮೊದಲ ಮೂರು ಮೀಟಿಂಗ್ ಬಾಯಿ ಬಿಡಲಿಲ್ಲ.

ಅಲ್ಲಿ ಕೇಳಿದ ಕತೆಗಳನ್ನು ಇಲ್ಲಿ ಬರೆಯುವಂತಿಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಇರಬೇಕು ಅನ್ನುವುದು ಅವರ ಕಟ್ಟುನಿಟ್ಟು. ಇಷ್ಟು ಹೇಳಬಹುದು: ನಮ್ಮ ಮನೆಯಲ್ಲಿ ಮಾತ್ರ ನಡೆದಿದೆ ಅಂದುಕೊಂಡಿದ್ದ ಎಷ್ಟೋ ವಿಷಯ ಅಲ್ಲಿ ಬೇರೆಯವರ ಬಾಯಲ್ಲಿ ಬಂತು. ಅಕ್ಕಿ ಡಬ್ಬದಲ್ಲಿ ಬಾಟಲಿ ಬಚ್ಚಿಡುವುದೂ ಸೇರಿ.

ಕೊನೆಗೆ ಒಂದು ಚೀಲ ಕೈಯಿಂದ ಕೈಗೆ ಬರುತ್ತದೆ. ಇಷ್ಟವಿದ್ದರೆ ಹತ್ತೋ ಇಪ್ಪತ್ತೋ ಹಾಕಬಹುದು. ಬಾಡಿಗೆಗೆ, ಟೀಗೆ, ಪುಸ್ತಕಕ್ಕೆ ಅದು. ಹೊಸಬರು ಹಾಕಬೇಕಾಗಿಲ್ಲ. ಹೊರಗಿನವರಿಂದ, ಸರ್ಕಾರದಿಂದ ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ. ಯಾರಾದರೂ ಎಎ ಹೆಸರು ಹೇಳಿ "ಸೇರೋಕೆ ಇಷ್ಟು ಸಾವಿರ" ಅಂತ ಕೇಳಿದರೆ ಅದು ಎಎ ಅಲ್ಲ, ಎದ್ದು ಬನ್ನಿ.

ಹೊರಡುವ ಮೊದಲು ಎರಡು ಫೋನ್ ನಂಬರು ತೆಗೆದುಕೊಳ್ಳಿ. ಸಂಕೋಚ ಬೇಡ, ಅದು ಅಲ್ಲಿನ ವಾಡಿಕೆ. ಮುಂದೆ ಇವರಲ್ಲಿ ಒಬ್ಬರು ಸ್ಪಾನ್ಸರ್ ಆಗಬಹುದು. ಅಂದರೆ ಮುಂಚೆ ಬಿಟ್ಟವರು ಈಗ ಬಿಡುತ್ತಿರುವವರ ಜೊತೆ ನಿಲ್ಲುವುದು.

ಹೋಗುವ ಮೊದಲು ಕಾಡುವ ಅನುಮಾನಗಳು

"ಚರ್ಚಿನಲ್ಲಿ ನಡೆಯುತ್ತೆ, ಮತಾಂತರ ಮಾಡ್ತಾರಾ?" ನಮ್ಮ ಅಮ್ಮನಿಗೂ ಈ ಭಯ ಇತ್ತು. ಜಾಗ ಚರ್ಚಿನದಿರಬಹುದು, ಗುಂಪು ಯಾವ ಧರ್ಮದ್ದೂ ಅಲ್ಲ. ದೇವರು ಅನ್ನುವ ಪದ ಬರುತ್ತದೆ, ಪ್ರಾರ್ಥನೆಯೂ ಇರುತ್ತದೆ. ಆದರೆ ಆ ದೇವರು ಯಾರು ಅನ್ನುವುದು ಅವರವರಿಗೆ ಬಿಟ್ಟದ್ದು. ಮಂಜುನಾಥ ಅಂದುಕೊಳ್ಳಿ, ಅಲ್ಲಾ ಅಂದುಕೊಳ್ಳಿ, ದೇವರನ್ನು ನಂಬದವರು ಆ ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಅಂದುಕೊಳ್ಳುತ್ತಾರೆ.

"ಆಫೀಸಿಗೆ ಗೊತ್ತಾದರೆ?" ಹಾಜರಿ ಪುಸ್ತಕ ಇಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ. ಅಲ್ಲಿ ಪರಿಚಯದವರು ಸಿಕ್ಕರೆ ಅಂತ ಹೆದರಬೇಡಿ. ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ.

"ಮೀಟಿಂಗಿಗೆ ಹೋದರೆ ಮಾತ್ರೆ ನಿಲ್ಲಿಸಬೇಕಾ?" ಬೇಡ. ಮಾತ್ರೆಯ ವಿಷಯ ಡಾಕ್ಟರದ್ದು. ಗುಂಪಿನಲ್ಲಿ ಯಾರಾದರೂ ನಿಲ್ಲಿಸು ಅಂದರೂ ಕೇಳಬೇಡಿ.

"ಒಂದ್ ಸಲ ಹೋದೆ, ಹಿಡಿಸಲಿಲ್ಲ." ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಕನಿಷ್ಠ ಆರು ಮೀಟಿಂಗ್ ಆಗುವವರೆಗೆ ಬೇಡ ಅಂತ ತೀರ್ಮಾನ ಮಾಡಬೇಡಿ ಅನ್ನುವುದು ನನ್ನ ಕೋರಿಕೆ.

ಊರಲ್ಲಿ ಮೀಟಿಂಗೇ ಇಲ್ಲದಿದ್ದರೆ

ಇದು ನಿಜವಾದ ಕಷ್ಟ. 2019ರಲ್ಲಿ ಹೊರಬಂದ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ ದೇಶದಲ್ಲಿ ಕುಡಿತದ ಸಮಸ್ಯೆಗೆ ನೆರವು ಬೇಕಾದವರು 5.7 ಕೋಟಿ. ಪೂರ್ತಿ ಚಟಕ್ಕೆ ಬಿದ್ದವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಜನ ಬಹುಶಃ ನಮ್ಮ ನಿಮ್ಮ ಊರುಗಳಲ್ಲೇ ಇದ್ದಾರೆ.

ಮೊಬೈಲಿನಲ್ಲಿ ಸೇರುವ ಮೀಟಿಂಗುಗಳಿವೆ. ಹತ್ತಿರದ ಪಟ್ಟಣದ ಗುಂಪಿಗೆ ಫೋನ್ ಮಾಡಿ, ಆನ್‌ಲೈನ್ ಕನ್ನಡ ಮೀಟಿಂಗ್ ಇದೆಯಾ ಕೇಳಿ. ವಿಡಿಯೋ ಆಫ್ ಮಾಡಿ ಬರೀ ಕೇಳಿಸಿಕೊಳ್ಳಬಹುದು. ಇಂಗ್ಲಿಷ್ ಬರುವವರಿಗೆ ಎಎಯ ಆನ್‌ಲೈನ್ ಇಂಟರ್‌ಗ್ರೂಪ್ ಜಾಲತಾಣದಲ್ಲಿ ದಿನದ ಯಾವ ಹೊತ್ತಿಗೂ ಒಂದಲ್ಲ ಒಂದು ಮೀಟಿಂಗ್ ಸಿಗುತ್ತದೆ. ಪರದೇಶದಲ್ಲಿ ಕೆಲಸದಲ್ಲಿರುವ ನಮ್ಮವರಿಗೆ ಇದು ದೊಡ್ಡ ಆಸರೆ. ರೂಮಿನಲ್ಲಿ ಒಬ್ಬರೇ ಕೂತು ಕುಡಿಯುವುದು ಅಲ್ಲಿ ಜಾಸ್ತಿ, ಊರಿಗೆ ಗೊತ್ತೂ ಆಗುವುದಿಲ್ಲ.

ಆದರೂ ತಿಂಗಳಿಗೆ ಒಂದು ಸಲವಾದರೂ ಪಟ್ಟಣದ ಮೀಟಿಂಗಿಗೆ ಖುದ್ದು ಹೋಗಿ ಬನ್ನಿ. ಅಲ್ಲಿ ನಿಮ್ಮ ಊರಿನ ಇನ್ನೊಬ್ಬರು ಸಿಕ್ಕರೂ ಸಿಗಬಹುದು. ಎಎ ಲೆಕ್ಕದಲ್ಲಿ ಕುಡಿತ ಬಿಡಬೇಕೆಂದು ಇಬ್ಬರು ಮೂವರು ಸೇರಿದರೆ ಅದೇ ಒಂದು ಗುಂಪು. ಶಾಲೆ ಜಗಲಿ ಸಾಕು.

ಮನೆಯವರಿಗೆ

ಗೋಡೆಗಳ ಮೇಲೆ, ಬಸ್ ಸೀಟಿನ ಹಿಂದೆ ನೋಡಿರುತ್ತೀರಿ: 'ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ'. ಸಾರಿನಲ್ಲೋ ಕಾಫಿಯಲ್ಲೋ ಪುಡಿ ಬೆರೆಸಿ ಕೊಡಿ ಅನ್ನುತ್ತಾರೆ. ಪುಡಿಯಲ್ಲಿ ಏನಿದೆ ಅಂತ ನಿಮಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಪ್ರಾಣವೇ ಹೋಗಬಹುದು. ಡಾಕ್ಟರು ಅದನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ಪರೀಕ್ಷೆ ಮಾಡಿ ಕೊಡುತ್ತಾರೆ. ಗೊತ್ತಿಲ್ಲದೆ ತಿಂದವನು ಎಂದಿನಂತೆ ಕ್ವಾರ್ಟರ್ ಹಾಕಿದರೆ ಏನಾಗುತ್ತದೆ ಯೋಚಿಸಿ. ಕದ್ದು ಕೊಡಬೇಡಿ. ಹಾಗೆಯೇ ಕೈಕಾಲು ಕಟ್ಟಿ ಎಳೆದೊಯ್ದು ಕೂಡಿಹಾಕುವ ಕೇಂದ್ರಗಳಿಗೂ ದುಡ್ಡು ಸುರಿಯಬೇಡಿ. ಹೊಡೆತ ತಿಂದು ಬಂದವರು ಮನೆಯವರ ಮೇಲಿನ ಸಿಟ್ಟಿಗೆ ಮತ್ತೆ ಕುಡಿಯುತ್ತಾರೆ.

ನಿಮಗೂ ಒಂದು ಗುಂಪು ಇದೆ. ಅಲನಾನ್ ಅಂತ ಹೆಸರು. 1951ರಲ್ಲಿ ಶುರುಮಾಡಿದವರಲ್ಲಿ ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್ ಒಬ್ಬರು. ಕುಡಿಯುವವರು ಬರಲಿ ಬಿಡಲಿ, ಮನೆಯವರು ಹೋಗಬಹುದು. ಹದಿಹರೆಯದ ಮಕ್ಕಳಿಗೆ ಅಲಟೀನ್ ಅಂತ ಬೇರೆ ಇದೆ. ಎಎ ಗುಂಪಿನವರನ್ನೇ ಕೇಳಿದರೆ ಹತ್ತಿರದ ಅಲನಾನ್ ಎಲ್ಲಿದೆ ಹೇಳುತ್ತಾರೆ. ಅತ್ತಿಗೆ ಅಣ್ಣನಿಗಿಂತ ಮೊದಲೇ ಹೋಗಲು ಶುರುಮಾಡಿದ್ದರು. ಅಲ್ಲಿಂದ ಬಂದ ಮೇಲೆ ಅವರು ಬಿಟ್ಟ ಮೊದಲ ಕೆಲಸ ಏನು ಗೊತ್ತಾ? ಅಣ್ಣನ ಆಫೀಸಿಗೆ ಫೋನ್ ಮಾಡಿ "ಜ್ವರ, ಇವತ್ತು ಬರಲ್ಲ" ಅಂತ ಸುಳ್ಳು ಹೇಳುವುದು. ಅಣ್ಣ ಮೀಟಿಂಗಿಗೆ ಒಪ್ಪಿದ್ದು ಅದಾದ ಎರಡು ವಾರಕ್ಕೆ.

ಮೊದಲ ತಿಂಗಳುಗಳು

ಮೊದಲ ಮೂರು ತಿಂಗಳು ಆದಷ್ಟು ಹೆಚ್ಚು ಮೀಟಿಂಗ್ ಹಿಡಿಯಿರಿ. ತೊಂಬತ್ತು ದಿನಕ್ಕೆ ತೊಂಬತ್ತು ಮೀಟಿಂಗ್ ಅನ್ನುವ ಮಾತು ಅವರಲ್ಲಿದೆ. ನಮ್ಮ ಊರುಗಳಲ್ಲಿ ಅಷ್ಟು ಆಗುವುದಿಲ್ಲ, ಮೀಟಿಂಗ್ ಇಲ್ಲದ ದಿನ ಒಂದು ಫೋನ್ ಮಾಡಿದರೂ ಆಯಿತು. ನಡುವೆ ಜಾರಿದರೆ, ಅವರ ಮಾತಿನಲ್ಲಿ ಸ್ಲಿಪ್ ಆದರೆ, ಅದೇ ವಾರ ವಾಪಸ್ ಹೋಗಿ. ನಾಚಿಕೆಯಿಂದ ಒಂದು ತಿಂಗಳು ತಪ್ಪಿಸಿಕೊಳ್ಳುವುದರಲ್ಲೇ ಅಪಾಯ ಇರುವುದು. ಅಣ್ಣ ಎರಡು ಸಲ ಜಾರಿದ. ಎರಡು ಸಲವೂ ಅದೇ ಟೀ ಲೋಟ ಸಿಕ್ಕಿತು.

ಹಬ್ಬಗಳಿಗೆ ಮೊದಲೇ ಏರ್ಪಾಡು ಮಾಡಿಕೊಳ್ಳಿ. ಹೊಸತೊಡಕು, ಊರ ಜಾತ್ರೆ, ಮದುವೆ ಆದ ಮೇಲಿನ ಬೀಗರೂಟ. ನಮ್ಮ ಕಡೆ ಇವುಗಳಲ್ಲಿ ಬಾಟಲಿ ಇಲ್ಲದಿದ್ದರೆ ಮರ್ಯಾದೆ ಕಡಿಮೆ ಅಂದುಕೊಳ್ಳುತ್ತಾರೆ. ಕಳೆದ ವರ್ಷ ಚಿಕ್ಕಪ್ಪನ ಮಗಳ ಬೀಗರೂಟ ಬಂತು. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅಣ್ಣ ಹಿಂದಿನ ರಾತ್ರಿ ತನ್ನ ಸ್ಪಾನ್ಸರಿಗೆ ಫೋನ್ ಮಾಡಿದ. ಅವರು ಹೇಳಿದ್ದನ್ನು ನನಗೂ ಹೇಳಿದ: "ಎಲೆ ಹಾಕೋ ಹೊತ್ತಿಗೆ ಹೋಗು, ಮೊದಲೇ ಹೋಗ್ಬೇಡ. ಉಂಡ ತಕ್ಷಣ ಎದ್ದು ಬಾ. ಗಾಡಿ ಕೀ ನಿನ್ನ ಜೇಬಲ್ಲೇ ಇರ್ಲಿ, ಯಾರಿಗೂ ಕೊಡ್ಬೇಡ. ಹೋದಾಗ ಒಂದ್ ಫೋನ್ ಮಾಡು, ಬಂದಾಗ ಒಂದ್ ಮಾಡು."

ಹಾಗೇ ಮಾಡಿದ. ತೆಂಗಿನ ತೋಟದ ಹಿಂದೆ ಗುಂಪು ಕಟ್ಟಿಕೊಂಡು ನಿಂತಿದ್ದವರು ಹೆಸರು ಹಿಡಿದು ಕೂಗಿದರು. ಅಣ್ಣ ಫೋನ್ ಕಿವಿಗಿಟ್ಟುಕೊಂಡು ಕೈ ಬೀಸಿ ಪಂಕ್ತಿಯ ಕಡೆ ನಡೆದ. ಮಧ್ಯಾಹ್ನ ಮೂರಕ್ಕೆಲ್ಲ ಮನೆಗೆ ಬಂದ. ತಾಂಬೂಲದ ಚೀಲ ಅತ್ತಿಗೆಯ ಕೈಗೆ ಕೊಟ್ಟು, ಚಪ್ಪಲಿ ಬಿಡುವ ಮೊದಲೇ ಎರಡನೇ ಫೋನ್ ಮಾಡಿದ.